ಎಲೆ ಮಾರಿದ ಹಣ: ಉಳಿಸುವ ಬಗೆ, ಸಲಹೆ ಕೇಳುವ ಬಗೆ

ಬೆಳೆ ಬೆಳೆಯುವ ವಿಷಯವಾಗಿ ಈ ಪುಟದಲ್ಲಿ ಬೇಕಾದಷ್ಟು ಬರೆಹಗಳು ಬಂದಿವೆ. ಗೊಬ್ಬರ ಎಷ್ಟು ಹಾಕಬೇಕು, ಚಹಾ ಗಿಡವನ್ನು ಯಾವಾಗ ಸವರಬೇಕು, ಬೆಳ್ಳುಳ್ಳಿ ಬೀಜವನ್ನು ಹೇಗೆ ಕಾಯ್ದಿಡಬೇಕು ಎಂದು ತಿಳಿದವರು ತಿಳಿಸಿದ್ದಾರೆ. ಆದರೆ ಬೆಳೆದುದನ್ನು ಮಾರಿ ಕೈಗೆ ಬಂದ ಹಣವನ್ನು ಏನು ಮಾಡಬೇಕೆಂಬ ಮಾತು ಬರುವುದು ಅಪೂರ್ವ. ಹೊಲದಲ್ಲಿ ಬೆವರು ಸುರಿಸಿ ಗಳಿಸಿದ್ದನ್ನು ಒಂದು ಸಹಿಯಲ್ಲಿ ಕಳೆದುಕೊಂಡವರು ನಮ್ಮ ನೀಲಗಿರಿಯ ಹಟ್ಟಿಗಳಲ್ಲಿ ಕಡಮೆಯೇನಿಲ್ಲ. ಆದುದರಿಂದ ಈ ವಾರ ಹಣದ ಬೇಸಾಯದ ಬಗೆಗೆ ನಾಲ್ಕು ಮಾತು ಬರೆಯುತ್ತಿದ್ದೇವೆ.

ಹಣದ ವಿಷಯದಲ್ಲಿ ಯೋಚನೆ ಮಾಡುವುದು ಪಟ್ಟಣದ ಸಾಹುಕಾರರ ಕೆಲಸ, ನಮಗೇಕೆ ಎಂದು ಹಲವರು ಕೇಳುತ್ತಾರೆ. ನಿಜ ಹೇಳುವುದಾದರೆ ಸಾಹುಕಾರನಿಗೆ ಒಂದು ತಪ್ಪು ಲೆಕ್ಕವನ್ನು ತಾಳುವ ಶಕ್ತಿ ಉಂಟು. ಎರಡು ಎಕರೆ ಚಹಾ ಇರುವವನಿಗೆ, ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ಮಾಸ್ತರನಿಗೆ, ಅಜ್ಜನ ಭೂಮಿಯಲ್ಲಿ ಅರ್ಧ ಎಕರೆ ಮಾರಿದವನಿಗೆ ಆ ಶಕ್ತಿ ಇಲ್ಲ. ಯೋಚನೆ ಹೆಚ್ಚಾಗಿ ಬೇಕಾದದ್ದು ಇವರಿಗೇ.

ನಮ್ಮ ಆದಾಯದ ಸ್ವಭಾವ

ಬೆಟ್ಟದ ಸಣ್ಣ ಬೆಳೆಗಾರ ಮೊದಲಿನಿಂದಲೂ ಬೆಲೆಯ ಏರಿಳಿತದಲ್ಲಿ ಬದುಕಿದವನು. ಆಲೂಗೆಡ್ಡೆ, ತರಕಾರಿಗಳನ್ನು ಮೇಟ್ಟುಪಾಳಯದ ಮಂಡಿಗೆ ಹಾಕಿ ದಲ್ಲಾಳಿ ಹೇಳಿದ ಬೆಲೆಗೆ ಕೈಯೊಡ್ಡುತ್ತಿದ್ದ ಕಾಲದಲ್ಲಿ ಎಚ್. ಬಿ. ಆರಿ ಗೌಡರು ನೀಲಗಿರಿ ಸಹಕಾರಿ ಮಾರಾಟ ಸಂಘವನ್ನು ಕಟ್ಟಿ ನಡೆಸಿದರು. ಚಹಾ ಹೆಚ್ಚಾದ ಮೇಲೆ ಎಲೆಯನ್ನು ಕಾರ್ಖಾನೆಗೆ ಮಾರುವಲ್ಲಿಯೂ ಅದೇ ಕಷ್ಟ ಬಂದಿತು. ೧೯೬೨ರಲ್ಲಿ ಕುಂದೆಯಲ್ಲಿ ಸಹಕಾರಿ ಚಹಾ ಕಾರ್ಖಾನೆ ಹುಟ್ಟಿತು. ೧೯೬೫ರಲ್ಲಿ ಇಂಥ ಕಾರ್ಖಾನೆಗಳ ಒಕ್ಕೂಟವಾಗಿ ಇಂಡ್‌ಕೋಸರ್ವ್ ಬಂದಿತು. ಈಗ ಅದರಡಿಯಲ್ಲಿ ೧೬ ಕಾರ್ಖಾನೆಗಳಿವೆ. ಹೀಗೆ ಮಾರಾಟಕ್ಕೆ ಒಂದು ಆಸರೆ ಸಿಕ್ಕಿತಾದರೂ ಬೆಲೆ ನಮ್ಮ ಕೈಗೆ ಬರಲಿಲ್ಲ. ೧೯೯೧ರಲ್ಲಿ ಸೋವಿಯತ್ ದೇಶ ಒಡೆದು ನಮ್ಮ ಚಹಾದ ದೊಡ್ಡ ಗಿರಾಕಿ ಚದರಿತು. ೧೯೯೦ರ ದಶಕದ ಕೊನೆಗೆ ಬೆಲೆ ಕುಸಿದಾಗ ಎಲೆ ಕೊಯ್ದ ಕೂಲಿ ಹುಟ್ಟದೆ ಗಿಡವನ್ನು ಹಾಗೆಯೇ ಬಿಟ್ಟ ಮನೆಗಳನ್ನು ಕೋತಗಿರಿ, ಕೂನೂರು ಕಡೆಯ ಹಿರಿಯರು ಇನ್ನೂ ಮರೆತಿಲ್ಲ.

ಈ ಏರಿಳಿತ ಮನೆಯೊಳಗೆ ಏನು ಮಾಡುತ್ತದೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಎರಡು ಎಕರೆಯಲ್ಲಿ ವರ್ಷಕ್ಕೆ ೮,೦೦೦ ಕಿಲೋ ಹಸಿರೆಲೆ ಬರುತ್ತದೆಂದು ಇಟ್ಟುಕೊಳ್ಳಿ. ಕಿಲೋಗೆ ೧೫ ರೂಪಾಯಿ ಸಿಕ್ಕರೆ ಬರುವ ಹಣ ರೂ. ೧,೨೦,೦೦೦. ಕೊಯ್ಲಿನ ಕೂಲಿ, ಗೊಬ್ಬರ, ಔಷಧ, ಸಾಗಣೆ ಎಲ್ಲ ಸೇರಿ ಕಿಲೋಗೆ ೯ ರೂಪಾಯಿ ಖರ್ಚೆಂದರೆ ಹೋಗುವ ಹಣ ರೂ. ೭೨,೦೦೦. ಮನೆಗೆ ಉಳಿಯುವುದು ರೂ. ೪೮,೦೦೦. ಈಗ ಬೆಲೆ ೧೫ರಿಂದ ೧೨ಕ್ಕೆ ಇಳಿಯಿತೆನ್ನಿ. ಬೆಲೆಯಲ್ಲಿ ಕಡಮೆಯಾದದ್ದು ಐದರಲ್ಲಿ ಒಂದು ಪಾಲು ಮಾತ್ರ. ಆದರೆ ಬರುವ ಹಣ ರೂ. ೯೬,೦೦೦ಕ್ಕೆ ಇಳಿದು, ಖರ್ಚು ಇದ್ದಂತೆಯೇ ಇದ್ದು, ಉಳಿಯುವುದು ರೂ. ೨೪,೦೦೦. ಅಂದರೆ ಮನೆಯ ಆದಾಯ ಅರ್ಧಕ್ಕೆ ಅರ್ಧ ಹೋಯಿತು. ಹಾಗೆಯೇ ಬೆಲೆ ೧೮ಕ್ಕೆ ಏರಿದರೆ ಉಳಿಯುವುದು ರೂ. ೭೨,೦೦೦, ಎಂದರೆ ಒಂದೂವರೆ ಪಾಲು.

ಇದರಿಂದ ತಿಳಿಯತಕ್ಕದ್ದು ಇಷ್ಟು. ಒಳ್ಳೆಯ ಬೆಲೆಯ ವರ್ಷದಲ್ಲಿ ಹೆಚ್ಚಾಗಿ ಬಂದ ಹಣ ಆ ವರ್ಷದ್ದಲ್ಲ, ಮುಂದೆ ಬರುವ ಕೆಟ್ಟ ವರ್ಷದ್ದು. ಅದನ್ನು ಮೋಟಾರು ಬೈಕಿಗೂ ಮದುವೆಯ ಚಪ್ಪರಕ್ಕೂ ಸುರಿದರೆ ಕೆಟ್ಟ ವರ್ಷದಲ್ಲಿ ಸಾಲದ ಬಾಗಿಲಿಗೆ ಹೋಗುವುದು ತಪ್ಪದು. ಚಹಾ ಮಂಡಳಿಯು ಹಸಿರೆಲೆಯ ಬೆಲೆಯನ್ನು ತಿಂಗಳು ತಿಂಗಳೂ ಪ್ರಕಟಿಸುತ್ತದೆ. ಅದನ್ನು ಕಾರ್ಖಾನೆಯ ಚೀಟಿಯೊಡನೆ ಹೋಲಿಸಿ ಒಂದು ಪುಸ್ತಕದಲ್ಲಿ ಬರೆದಿಡುವುದು ಹಣದ ಬೇಸಾಯದ ಮೊದಲ ಉಳುಮೆ.

ಮನೆಯ ಲೆಕ್ಕದ ಪುಸ್ತಕ

ಸಲಹೆಗಾರನ ಬಳಿಗೆ ಹೋಗುವ ಮೊದಲು ಮನೆಯಲ್ಲೇ ಮಾಡಬೇಕಾದ ಕೆಲಸ ಉಂಟು. ನಲವತ್ತು ಪುಟದ ಒಂದು ನೋಟ್‌ಬುಕ್ ಸಾಕು. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಮೂರು ತಿಂಗಳು ಬಿಡದೆ ಬರೆದರೆ ಮನೆಯ ನಿಜವಾದ ಖರ್ಚು ಕಾಣುತ್ತದೆ. ಮನೆಯೊಡತಿಯೂ ಬರೆಯಬೇಕು, ಯಜಮಾನನೂ ಬರೆಯಬೇಕು. ಒಬ್ಬರಿಗೇ ಗೊತ್ತಿರುವ ಲೆಕ್ಕ ಆ ಒಬ್ಬರು ಹಾಸಿಗೆ ಹಿಡಿದ ದಿನ ಯಾರಿಗೂ ಗೊತ್ತಿಲ್ಲದ ಲೆಕ್ಕವಾಗುತ್ತದೆ.

ಆ ಮೇಲೆ ಹಣವನ್ನು ಕಾಲಕ್ಕೆ ತಕ್ಕಂತೆ ಮೂರು ಪಾಲು ಮಾಡಬೇಕು. ಮೊದಲನೆಯದು ಆಪತ್ತಿನ ಹಣ. ಸಂಬಳವಿರುವ ಮನೆಗೆ ಆರು ತಿಂಗಳ ಖರ್ಚು, ಎಲೆಯನ್ನೇ ನಂಬಿದ ಮನೆಗೆ ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿ ಕೇಳಿದಾಗ ಸಿಗುವಂತೆ ಇರಬೇಕು. ಎರಡನೆಯದು ಐದು ವರ್ಷದೊಳಗೆ ಬೇಕಾಗುವ ಹಣ: ಮಗಳ ಕಾಲೇಜು, ಮನೆಯ ಮಾಡು, ಹಳೆಯ ಗಿಡ ಕಿತ್ತು ಮರುನಾಟಿ ಮಾಡುವುದು. ಇದಕ್ಕೆ ನಷ್ಟದ ಭಯವಿರಕೂಡದು. ಮೂರನೆಯದು ಹತ್ತು ವರ್ಷಗಳಾಚೆಯ ಹಣ, ಮುಪ್ಪಿನ ಹಣ. ಇದು ಮಾತ್ರ ಸ್ವಲ್ಪ ಏರಿಳಿತವನ್ನು ತಾಳಬಹುದು.

ಶಾಲೆಯಲ್ಲಿ ಮಕ್ಕಳಿಗೆ ನಾವು ಕಲಿಸುವ ಒಂದು ಸುಲಭದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ೭೨ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾಗುವ ವರ್ಷಗಳು ಸುಮಾರಾಗಿ ಸಿಗುತ್ತವೆ. ಶೇಕಡಾ ೮ರಂತೆ ಚಕ್ರಬಡ್ಡಿ ಬೆಳೆದರೆ ಒಂಬತ್ತು ವರ್ಷ. ಸಾಮಾನುಗಳ ಬೆಲೆ ವರ್ಷಕ್ಕೆ ಶೇಕಡಾ ೬ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಖರ್ಚು ಇಮ್ಮಡಿ. ಪೆಟ್ಟಿಗೆಯಲ್ಲಿ ಕಟ್ಟಿಟ್ಟ ನೋಟಿಗೆ ಕಳ್ಳನ ಭಯ ಒಂದಾದರೆ ಈ ಬೆಲೆಯೇರಿಕೆಯ ಭಯ ಇನ್ನೊಂದು.

ಮೊದಲು ಸಾಲ

ಅದೇ ಲೆಕ್ಕವನ್ನು ಸಾಲಕ್ಕೂ ಹಾಕಿ ನೋಡಬೇಕು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದರೆ ಕಿವಿಗೆ ಹಗುರ. ವರ್ಷಕ್ಕೆ ಅದು ಶೇಕಡಾ ೨೪. ತೀರಿಸದೆ ಬಿಟ್ಟು ಬಡ್ಡಿಗೆ ಬಡ್ಡಿ ಬೆಳೆದರೆ ಮೂರೇ ವರ್ಷಕ್ಕೆ ಸಾಲ ಇಮ್ಮಡಿಯಾಗುತ್ತದೆ. ಯಾವ ಸಲಹೆಗಾರನೂ ನ್ಯಾಯವಾಗಿ ಶೇಕಡಾ ೨೪ ಗಳಿಸಿಕೊಡಲಾರ. ಹಾಗಿರುವಾಗ ಕೈಸಾಲವನ್ನು ಇಟ್ಟುಕೊಂಡು ಇನ್ನೊಂದು ಕಡೆ ಹಣ ಹೂಡುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ಮೊದಲ ಉಳಿತಾಯವೆಂದರೆ ದುಬಾರಿ ಸಾಲ ತೀರಿಸುವುದೇ.

ಬೇಸಾಯಕ್ಕೆ ಸಾಲ ಬೇಕಾದಾಗ ಕಿಸಾನ್ ಕ್ರೆಡಿಟ್ ಕಾರ್ಡಿನ ದಾರಿ ಉಂಟು. ೧೯೯೮ರಲ್ಲಿ ಆರಂಭವಾದ ಈ ಏರ್ಪಾಡಿನಲ್ಲಿ ೩ ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಶೇಕಡಾ ೭ ಬಡ್ಡಿ. ವಾಯಿದೆಯೊಳಗೆ ತೀರಿಸಿದವರಿಗೆ ಶೇಕಡಾ ೩ ರಿಯಾಯಿತಿ ಸಿಕ್ಕಿ ಬೀಳುವುದು ಶೇಕಡಾ ೪ ಮಾತ್ರ. ೫೦,೦೦೦ ರೂಪಾಯಿಗೆ ಕೈಸಾಲದಲ್ಲಿ ವರ್ಷದ ಬಡ್ಡಿ ರೂ. ೧೨,೦೦೦, ಇಲ್ಲಿ ರೂ. ೨,೦೦೦. ಉಳಿದ ಹತ್ತು ಸಾವಿರ ಯಾವ ಷೇರು ಪೇಟೆಯೂ ಕೊಡದ ಲಾಭ. ಎಲೆ ಒಯ್ಯುವ ಏಜೆಂಟರಿಂದ ಮುಂಗಡ ತೆಗೆದುಕೊಳ್ಳುವವರು ಇನ್ನೊಂದನ್ನೂ ಲೆಕ್ಕಕ್ಕೆ ಸೇರಿಸಬೇಕು. ಮುಂಗಡಕ್ಕೆ ಬಡ್ಡಿ ಇಲ್ಲದಿರಬಹುದು, ಆದರೆ ಬೇರೆ ಕಡೆ ಹೆಚ್ಚು ಬೆಲೆ ಸಿಕ್ಕರೂ ಎಲೆ ಕೊಡಲಾಗದೆ ಹೋದರೆ ಬಿಟ್ಟ ಆ ಬೆಲೆಯೇ ಬಡ್ಡಿ. ಮೀಟರ್ ಬಡ್ಡಿ, ಕಂದುವಟ್ಟಿಗಳನ್ನು ತಡೆಯಲು ತಮಿಳುನಾಡಿನಲ್ಲಿ ೨೦೦೩ರಿಂದ ಕಾನೂನೇ ಇದೆ ಎಂಬುದೂ ತಿಳಿದಿರಲಿ.

ಹಣ ಇಡುವ ಜಾಗಗಳು

ಬ್ಯಾಂಕಿನ ಠೇವಣಿ ಎಷ್ಟು ಭದ್ರ? ೧೯೬೦ರಲ್ಲಿ ನೆರೆಯ ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕು ಮುಳುಗಿತು. ಆ ಪೆಟ್ಟಿನ ಬಳಿಕ ೧೯೬೨ರಿಂದ ಠೇವಣಿಗೆ ವಿಮೆ ಬಂದಿತು. ಆಗ ಅದು ೧,೫೦೦ ರೂಪಾಯಿವರೆಗೆ ಮಾತ್ರ. ೧೯೯೩ರಲ್ಲಿ ಒಂದು ಲಕ್ಷವಾಗಿ, ೨೦೨೦ರ ಫೆಬ್ರವರಿ ೪ರಿಂದ ೫ ಲಕ್ಷವಾಯಿತು. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನಲ್ಲಿರುವ ಅಸಲು, ಬಡ್ಡಿ ಎಲ್ಲ ಸೇರಿ ಈ ಮಿತಿ. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಇಟ್ಟರೂ ಲೆಕ್ಕ ಒಂದೇ. ಹೆಚ್ಚು ಹಣವಿದ್ದರೆ ಬೇರೆ ಬೇರೆ ಬ್ಯಾಂಕುಗಳಲ್ಲಿ ಹಂಚುವುದು ಲೇಸು.

ಇಲ್ಲಿ ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಒಂದಿದೆ. ಸಹಕಾರಿ ಬ್ಯಾಂಕುಗಳ ಠೇವಣಿಗೆ ಈ ವಿಮೆ ಉಂಟು. ಊರಿನ ಪ್ರಾಥಮಿಕ ಕೃಷಿ ಸಹಕಾರ ಸಂಘದ ಠೇವಣಿಗೆ ಇಲ್ಲ. ಸಂಘ ಕೆಟ್ಟದ್ದೆಂದು ಇದರ ಅರ್ಥವಲ್ಲ. ಬೆಳೆಸಾಲಕ್ಕೆ ಸಂಘದಂಥ ಆಸರೆ ಬೇರೆಯಿಲ್ಲ. ಆದರೆ ನಿವೃತ್ತಿಯ ಹಣವನ್ನೆಲ್ಲ ಅರ್ಧ ಶೇಕಡಾ ಹೆಚ್ಚು ಬಡ್ಡಿಗಾಗಿ ಅಲ್ಲೇ ಇಡುವುದು ವಿವೇಕವಲ್ಲ.

ಅಂಚೆ ಕಚೇರಿಯ ಉಳಿತಾಯಗಳಿಗೆ ಸರಕಾರವೇ ಹೊಣೆ. ಅರವತ್ತು ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ೩೦ ಲಕ್ಷದವರೆಗೆ ಇಡಬಹುದು. ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ತಿಂಗಳು ತಿಂಗಳು ಬೇಕೆನ್ನುವವರಿಗೆ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಹೆಸರಿಗೆ ೯ ಲಕ್ಷ, ಜಂಟಿಯಾಗಿ ೧೫ ಲಕ್ಷ. ಹೆಣ್ಣು ಮಗುವಿಗೆ ಸುಕನ್ಯಾ ಸಮೃದ್ಧಿ, ದುಡಿಯುವವರಿಗೆ ಹದಿನೈದು ವರ್ಷದ ಸಾರ್ವಜನಿಕ ಭವಿಷ್ಯನಿಧಿ. ಬಡ್ಡಿಯ ದರವನ್ನು ಸರಕಾರ ಮೂರು ತಿಂಗಳಿಗೊಮ್ಮೆ ಗೊತ್ತುಪಡಿಸುವುದರಿಂದ ಕಟ್ಟುವ ದಿನ ಕಚೇರಿಯ ಫಲಕ ನೋಡಿ ಕಟ್ಟಿರಿ.

ಚೀಟಿ ಹಾಕುವುದು ನಮ್ಮ ಕಡೆ ಹಳೆಯ ರೂಢಿ. ೧೯೮೨ರ ಚಿಟ್ ಫಂಡ್ ಕಾನೂನಿನಂತೆ ರಿಜಿಸ್ಟರಾದ ಚೀಟಿಗೂ, ಪರಿಚಯದ ಮೇಲೆ ನಡೆಯುವ ಚೀಟಿಗೂ ಬಹಳ ಅಂತರ. ಎರಡನೆಯದರಲ್ಲಿ ನಡೆಸುವವನ ಮುಖವೇ ಜಾಮೀನು. ಇನ್ನು ಚಿನ್ನ. ಕಷ್ಟಕ್ಕೆ ಅಡವಿಡಲು ಹತ್ತು ಪವನ್ ಇರಲಿ. ಆದರೆ ಒಡವೆಯಲ್ಲಿ ಕೂಲಿ, ಸವಕಲು ಹೋಗುತ್ತದೆಂಬುದನ್ನು ಮರೆಯಬಾರದು.

ಮ್ಯೂಚುಯಲ್ ಫಂಡುಗಳ ಮಾತು ಈಗ ಹಟ್ಟಿ ಹಟ್ಟಿಗೂ ಬಂದಿದೆ. ಇವು ಬಡ್ಡಿ ಕೊಡುವ ಠೇವಣಿಗಳಲ್ಲ. ಹಲವರ ಹಣ ಸೇರಿಸಿ ಷೇರು, ಸಾಲಪತ್ರ ಕೊಳ್ಳುವ ಕೂಡುಗಂಟು. ೧೯೬೪ರಲ್ಲಿ ಯೂನಿಟ್ ಟ್ರಸ್ಟಿನ ಯು.ಎಸ್. ೬೪ ಬಂದಾಗ ಸರಕಾರದ್ದೇ ಎಂಬ ನಂಬಿಕೆಯಿಂದ ಸಂಬಳದಾರರು ಹಣ ಹಾಕಿದರು. ೨೦೦೧ರ ಜುಲೈಯಲ್ಲಿ ಅದರ ವಾಪಸು ಕೊಳ್ಳುವಿಕೆಯೇ ನಿಂತುಹೋಗಿ ಜನ ಕಂಗಾಲಾದರು. ಹೆಸರು ದೊಡ್ಡದೆಂದು ಏರಿಳಿತ ಇಲ್ಲವೆಂದಲ್ಲ. ಮೂರನೆಯ ಪಾಲಿನ ಹಣವನ್ನು, ಅದೂ ಸ್ವಲ್ಪ ಸ್ವಲ್ಪವಾಗಿ, ಹಾಕುವುದಾದರೆ ಇವುಗಳಿಂದ ಬೆಲೆಯೇರಿಕೆಯನ್ನು ಮೀರುವ ಬೆಳವಣಿಗೆಯನ್ನು ನಿರೀಕ್ಷಿಸಬಹುದು.

ಸಲಹೆಗಾರನೂ ಮಾರಾಟಗಾರನೂ

ಈಗ ಮುಖ್ಯ ವಿಷಯಕ್ಕೆ ಬರೋಣ. ತೋಟಕ್ಕೆ ಗೊಬ್ಬರ ಬೇಕಾದಾಗ ಇಬ್ಬರ ಹತ್ತಿರ ಹೋಗಬಹುದು. ಗೊಬ್ಬರದ ಅಂಗಡಿಯವನು ತನ್ನಲ್ಲಿರುವ ಮೂಟೆಯನ್ನು ಹೊಗಳುತ್ತಾನೆ. ಕೂನೂರಿನ ಉಪಾಸಿ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಹೋದರೆ ಅವರು ಮೊದಲು ಕೇಳುವುದು ಮಣ್ಣು. ಮಣ್ಣು ನೋಡದೆ ಗೊಬ್ಬರ ಹೇಳುವುದಿಲ್ಲ. ಅಂಗಡಿಯವನು ಕೆಟ್ಟವನಲ್ಲ, ಮಾರುವುದು ಅವನ ಕಸುಬು. ಆದರೆ ಅವನ ಮಾತನ್ನು ಪರೀಕ್ಷೆಯ ವರದಿಯೆಂದು ತಿಳಿಯಬಾರದು.

ಹಣದಲ್ಲಿಯೂ ಹೀಗೆಯೇ. ಬ್ಯಾಂಕಿನ ಮೇಜಿನಲ್ಲಿ ಕೂತು ಪಾಲಿಸಿ ಹೇಳುವವರು, ವಿಮಾ ಏಜೆಂಟರು, ಫಂಡಿನ ವಿತರಕರು ಮಾರಾಟಗಾರರು. ಅವರಿಗೆ ಸಂಬಳ ಅಥವಾ ಕಮಿಷನ್ ಕೊಡುವುದು ಕಂಪನಿ. ಫಂಡಿನ ವಿತರಕನಿಗೆ ಎಆರ್‌ಎನ್ ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ಇನ್ನೊಂದು ಜಾತಿಯವರು ನೋಂದಾಯಿತ ಹೂಡಿಕೆ ಸಲಹೆಗಾರರು. ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ ೨೦೧೩ರಲ್ಲಿ ಇವರಿಗಾಗಿ ನಿಯಮ ಮಾಡಿತು. ಇವರ ನೋಂದಣಿ ಸಂಖ್ಯೆ ಐಎನ್‌ಎ ಎಂದು ಆರಂಭವಾಗುತ್ತದೆ. ಇವರಿಗೆ ಶುಲ್ಕ ಕೊಡುವವರು ನಾವು. ೨೦೨೦ರ ತಿದ್ದುಪಡಿಯ ಬಳಿಕ ಒಬ್ಬನೇ ಗಿರಾಕಿಗೆ ಸಲಹೆಯನ್ನೂ ಕೊಟ್ಟು ಕಮಿಷನ್ನಿಗೆ ಮಾರಾಟವನ್ನೂ ಮಾಡುವಂತಿಲ್ಲ. ಸಲಹೆ ಕೊಡುವ ಮೊದಲು ನಮ್ಮ ಆದಾಯ, ಖರ್ಚು, ಸಾಲ, ವಯಸ್ಸು, ನಷ್ಟ ತಾಳುವ ಶಕ್ತಿ ಎಲ್ಲವನ್ನೂ ಕೇಳಿ ಬರೆದುಕೊಳ್ಳಬೇಕು. ಇದೇ ಹಣದ ಮಣ್ಣು ಪರೀಕ್ಷೆ. ಬರೆಹದಲ್ಲಿ ಕರಾರು ಆಗಬೇಕು. ಶುಲ್ಕವನ್ನು ಚೆಕ್ಕು ಅಥವಾ ಬ್ಯಾಂಕಿನ ಮೂಲಕವೇ ಕೊಡಬೇಕು, ನಗದು ಕೂಡದು.

ಕಮಿಷನ್ ಎಷ್ಟು ತಿನ್ನುತ್ತದೆ ಎಂಬುದಕ್ಕೆ ಒಂದು ಲೆಕ್ಕ. ೨೦೧೩ರ ಜನವರಿಯಿಂದ ಪ್ರತಿ ಫಂಡಿನಲ್ಲೂ ವಿತರಕನಿಲ್ಲದೆ ನೇರವಾಗಿ ಕೊಳ್ಳುವ ವಿಧಾನ ಉಂಟು. ೫ ಲಕ್ಷ ರೂಪಾಯಿ ಹದಿನೈದು ವರ್ಷ ಶೇಕಡಾ ೧೦ರಂತೆ ಬೆಳೆದರೆ ಸುಮಾರು ರೂ. ೨೦.೮೯ ಲಕ್ಷ. ಕಮಿಷನ್ನಿಗೆ ವರ್ಷಕ್ಕೆ ಶೇಕಡಾ ಒಂದು ಹೋಗಿ ೯ರಂತೆ ಬೆಳೆದರೆ ಸುಮಾರು ರೂ. ೧೮.೨೧ ಲಕ್ಷ. ಅಂತರ ಎರಡೂವರೆ ಲಕ್ಷಕ್ಕೂ ಹೆಚ್ಚು. ಈ ದರಗಳು ಲೆಕ್ಕಕ್ಕಾಗಿ ಹಿಡಿದವು, ಯಾರೂ ಕೊಟ್ಟ ವಚನವಲ್ಲ. ವಿತರಕ ವರ್ಷವರ್ಷವೂ ಮನೆಗೆ ಬಂದು ಒಳ್ಳೆಯ ದಾರಿ ತೋರಿಸುವವನಾದರೆ ಆ ಒಂದು ಶೇಕಡಾ ಸಾರ್ಥಕ. ಸಹಿ ಹಾಕಿಸಿಕೊಂಡು ಹೋದವನು ಮತ್ತೆ ಕಾಣದಿದ್ದರೆ ಅದು ದಂಡ.

ನಮ್ಮ ಪರಿಚಯದ ನಿವೃತ್ತ ಮಾಸ್ತರರೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕು. ಠೇವಣಿ ಇಡಲೆಂದು ೨ ಲಕ್ಷ ರೂಪಾಯಿ ಹಿಡಿದು ಒಂದು ಬ್ಯಾಂಕಿಗೆ ಹೋದರು. ಠೇವಣಿಗಿಂತ ಇದು ಮೇಲು ಎಂದು ಮೇಜಿನವರು ಕಾಗದ ಮುಂದಿಟ್ಟರು. ಪರಿಚಯದ ಮುಖವೆಂದು ಇವರು ಸಹಿ ಮಾಡಿದರು. ಮರುವರ್ಷ ಎರಡನೆಯ ಕಂತು ೨ ಲಕ್ಷ ಕಟ್ಟಿರೆಂದು ಪತ್ರ ಬಂದಾಗ ತಾವು ಕೊಂಡದ್ದು ಐದು ಕಂತಿನ ವಿಮೆ ಎಂದು ತಿಳಿಯಿತು. ಕಟ್ಟಲು ಹಣವಿಲ್ಲ, ಬಿಟ್ಟರೆ ಅಸಲೂ ಪೂರ್ತಿ ಬಾರದು. ಮೋಸವೆನ್ನಲು ಕಾಗದದಲ್ಲಿ ಏನೂ ಇಲ್ಲ, ಸಹಿ ಅವರದೇ. ಪಾಲಿಸಿಯ ಕಾಗದ ಕೈಗೆ ಬಂದ ದಿನದಿಂದ ೩೦ ದಿನದೊಳಗೆ ಒಲ್ಲೆನೆಂದು ಹಿಂದಿರುಗಿಸುವ ಹಕ್ಕು ಈಗ ಉಂಟು. ಆ ತಿಂಗಳಲ್ಲಿ ಮನೆಯ ಓದಿದ ಮಕ್ಕಳ ಕೈಯಲ್ಲಿ ಕಾಗದವನ್ನು ಓದಿಸುವುದು ಎಲ್ಲರೂ ಮಾಡತಕ್ಕ ಕೆಲಸ.

ವಿಮೆಯನ್ನೂ ಉಳಿತಾಯವನ್ನೂ ಬೇರೆ ಬೇರೆ ಇಡುವುದೇ ಒಳ್ಳೆಯದು. ದುಡಿಯುವವನು ಸತ್ತರೆ ಮನೆ ನಡೆಯಲು ಬೇಕಾಗುವಷ್ಟು ಮೊತ್ತಕ್ಕೆ, ಸಾವಿಗೆ ಮಾತ್ರ ಹಣ ಕೊಡುವ ಟರ್ಮ್ ಪಾಲಿಸಿ ಅಗ್ಗ. ಅದೂ ಆಗದವರಿಗೆ ಬ್ಯಾಂಕಿನ ಮೂಲಕ ವರ್ಷಕ್ಕೆ ೪೩೬ ರೂಪಾಯಿಗೆ ೨ ಲಕ್ಷದ ಜೀವನ ಜ್ಯೋತಿ, ೨೦ ರೂಪಾಯಿಗೆ ೨ ಲಕ್ಷದ ಅಪಘಾತ ವಿಮೆಯಾದ ಸುರಕ್ಷಾ ಬಿಮಾ ಇವೆ. ಆನೆ, ಕಾಡೆಮ್ಮೆಗಳ ದಾರಿಯಲ್ಲಿ ನಡೆದು ಎಲೆ ಕೊಯ್ಯಲು ಹೋಗುವ ನಮ್ಮವರಿಗೆ ಎರಡನೆಯದು ಅತ್ಯಗತ್ಯ.

ಸಲಹೆಗಾರ ಎಲ್ಲರಿಗೂ ಬೇಕೆ? ವರ್ಷಕ್ಕೆ ಹತ್ತಿಪ್ಪತ್ತು ಸಾವಿರ ಉಳಿಸುವ ಮನೆಗೆ ಶುಲ್ಕ ಕೊಡುವ ಅಗತ್ಯ ಕಾಣದು. ಅಂಚೆ ಕಚೇರಿ, ಬ್ಯಾಂಕು ಸಾಕು. ಆದರೆ ನಿವೃತ್ತಿಯ ಹಣ, ಭೂಮಿ ಮಾರಿದ ಹಣ, ಪರಿಹಾರದ ಹಣ ಹೀಗೆ ಜನ್ಮಕ್ಕೊಮ್ಮೆ ಬರುವ ದೊಡ್ಡ ಗಂಟಿಗೆ ಕೆಲವು ಸಾವಿರ ಶುಲ್ಕ ಕೊಟ್ಟು ಒಮ್ಮೆ ಯೋಜನೆ ಬರೆಸಿಕೊಳ್ಳುವುದು ನಷ್ಟವಲ್ಲ. ಇಂಥ ಹಣ ಬಂದ ಮೊದಲ ಮೂರು ತಿಂಗಳು ಯಾರ ಮಾತಿಗೂ ಓಗೊಡದೆ ಎರಡು ಮೂರು ಬ್ಯಾಂಕುಗಳಲ್ಲಿ ಹಂಚಿಟ್ಟು ಸುಮ್ಮನಿರುವುದೇ ಮೊದಲ ಸಲಹೆ.

ಕೇಳಬೇಕಾದ ಪ್ರಶ್ನೆಗಳು

ಹಣದ ಮಾತಾಡಲು ಬಂದವರನ್ನು ಸಂಕೋಚವಿಲ್ಲದೆ ಹೀಗೆ ಕೇಳಿರಿ:

೧. ನಿಮ್ಮ ನೋಂದಣಿ ಸಂಖ್ಯೆ ಯಾವುದು, ಸೆಬಿಯ ಪಟ್ಟಿಯಲ್ಲಿ ಅದು ಇದೆಯೆ? (ಸೆಬಿಯ ಜಾಲತಾಣದಲ್ಲಿ ಶಾಲೆಯ ಮಕ್ಕಳೂ ಹುಡುಕಿಕೊಡಬಲ್ಲರು.)

೨. ನಿಮಗೆ ಹಣ ಕೊಡುವವರು ನಾವೋ, ಕಂಪನಿಯೋ? ಎಷ್ಟು?

೩. ನಡುವೆ ಹಣ ಬೇಕಾದರೆ ಎಷ್ಟು ದಿನದಲ್ಲಿ ಸಿಗುತ್ತದೆ, ಎಷ್ಟು ಕಡಿತವಾಗುತ್ತದೆ?

೪. ಕೆಟ್ಟ ಕಾಲದಲ್ಲಿ ಇದು ಎಷ್ಟು ಇಳಿಯಬಹುದು?

೫. ಚೆಕ್ಕನ್ನು ಯಾರ ಹೆಸರಿಗೆ ಬರೆಯಬೇಕು? (ಫಂಡು, ಬ್ಯಾಂಕು, ಅಂಚೆ ಕಚೇರಿಯ ಹೆಸರಿಗೆ ಸರಿ. ಸಲಹೆಗಾರನಿಗೆ ಸಲ್ಲುವುದು ಅವನ ಶುಲ್ಕ ಮಾತ್ರ. ಹೂಡುವ ಹಣವನ್ನು ತನ್ನ ಹೆಸರಿಗೆ ಬರೆಯೆಂದರೆ ಎದ್ದು ಬನ್ನಿ.)

೬. ನೀವು ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಡುತ್ತೀರಾ?

ಆರನೆಯ ಪ್ರಶ್ನೆಗೆ ಬಾಯಿ ಒಣಗಿದವರನ್ನು ಚಹಾ ಕೊಟ್ಟು ಕಳುಹಿಸಬಹುದು.

ಮೋಸದ ಲಕ್ಷಣ

ರೈತನನ್ನು ಹಿಡಿಯಲು ಬಂದ ಬಲೆಗಳಿಗೆ ಹೆಚ್ಚಾಗಿ ಬೇಸಾಯದ ಬಣ್ಣವೇ ಬಳಿದಿರುತ್ತದೆ. ೧೯೯೦ರ ದಶಕದಲ್ಲಿ ತೇಗದ ಗಿಡದ ಕಂಪನಿಗಳು ಬಂದವು. ಇಂದು ಸಾವಿರ ಕಟ್ಟಿದರೆ ಇಪ್ಪತ್ತು ವರ್ಷಕ್ಕೆ ಲಕ್ಷಗಟ್ಟಲೆ ಎಂದವು. ಅವು ಬಿದ್ದುಹೋದ ಬಳಿಕ ೧೯೯೯ರಲ್ಲಿ ಇಂಥ ಸಾಮೂಹಿಕ ಹೂಡಿಕೆಗಳಿಗೆ ಸೆಬಿ ನಿಯಮ ಮಾಡಿತು. ಆ ಬಳಿಕ ಈಮು ಹಕ್ಕಿ ಬಂದಿತು. ಠೇವಣಿ ಕಟ್ಟಿದರೆ ಮರಿ ಕೊಡುತ್ತೇವೆ, ಮೇವು ಕೊಡುತ್ತೇವೆ, ಸಾಕಿದ್ದಕ್ಕೆ ತಿಂಗಳು ತಿಂಗಳು ಹಣವನ್ನೂ ಕೊಡುತ್ತೇವೆ ಎಂದು ಈರೋಡು ಜಿಲ್ಲೆಯ ಪೆರುಂದುರೈ ಕಡೆಯ ಕಂಪನಿಗಳು ಸಾರಿದವು. ೨೦೧೨ರಲ್ಲಿ ಎಲ್ಲ ಮುಳುಗಿ ರೈತರ ಕೊಟ್ಟಿಗೆಯಲ್ಲಿ ಮೇವಿಲ್ಲದ ಹಕ್ಕಿಗಳು ಉಳಿದವು. ಬೇಸಾಯದ ಭೂಮಿಯ ಹೆಸರಿನಲ್ಲಿ ದೇಶದಾದ್ಯಂತ ಹಣ ಎತ್ತಿದ ಪಿಎಸಿಎಲ್ ಕಂಪನಿಗೆ ಸುಮಾರು ೪೯,೧೦೦ ಕೋಟಿ ರೂಪಾಯಿ ಹಿಂದಿರುಗಿಸೆಂದು ೨೦೧೪ರ ಆಗಸ್ಟಿನಲ್ಲಿ ಸೆಬಿ ಆಜ್ಞೆ ಮಾಡಿತು. ೨೦೧೬ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಲೋಧಾ ಸಮಿತಿಯನ್ನು ನೇಮಿಸಬೇಕಾಯಿತು.

ಇವೆಲ್ಲವನ್ನೂ ಒಂದೇ ಪ್ರಶ್ನೆಯಿಂದ ಒರೆಗೆ ಹಚ್ಚಬಹುದು: ಕೊಡುವೆನೆಂದ ಲಾಭ ಎಲ್ಲಿ ಹುಟ್ಟುತ್ತದೆ? ನಮ್ಮ ಹಣ ಎಲೆಯಲ್ಲಿ ಹುಟ್ಟುತ್ತದೆ, ಎಲೆಗೆ ಕೊಳ್ಳುವವರಿದ್ದಾರೆ. ಬ್ಯಾಂಕಿನ ಬಡ್ಡಿ ಸಾಲಗಾರ ಕಟ್ಟುವ ಬಡ್ಡಿಯಲ್ಲಿ ಹುಟ್ಟುತ್ತದೆ. ಈಮು ಮಾಂಸಕ್ಕೆ ಹೇಳಿಕೊಳ್ಳುವ ಪೇಟೆಯೇ ಇರಲಿಲ್ಲ. ಮೊದಲು ಬಂದವನ ತಿಂಗಳ ಹಣ ಹುಟ್ಟಿದ್ದು ಆಮೇಲೆ ಬಂದವನ ಠೇವಣಿಯಲ್ಲಿ. ಹೊಸಬರು ನಿಂತ ದಿನ ಮಗ್ಗ ನಿಂತಿತು. ಈಗ ಅದೇ ಬಲೆ ಫೋನಿನ ಗುಂಪುಗಳಲ್ಲಿ ಷೇರಿನ ಗುಟ್ಟು ಹೇಳುವವರ ರೂಪದಲ್ಲಿ ಬರುತ್ತಿದೆ. ಖಚಿತ ಲಾಭ, ಅವಸರ, ಗುಟ್ಟು ಈ ಮೂರು ಕೂಡಿದ ಕಡೆ ಕಾಲಿಡಬಾರದು. ಮೋಸಹೋದವರು ನಾಚಿಕೆಯಿಂದ ಮುಚ್ಚಿಡದೆ ಪೋಲೀಸರ ಆರ್ಥಿಕ ಅಪರಾಧ ವಿಭಾಗಕ್ಕೆ ದೂರು ಕೊಡಬೇಕು. ಠೇವಣಿದಾರರ ರಕ್ಷಣೆಗೆ ೧೯೯೭ರಿಂದ ತಮಿಳುನಾಡಿನಲ್ಲಿ ಬೇರೆಯೇ ಕಾನೂನಿದೆ. ಅದರಡಿ ಕಂಪನಿಯ ಆಸ್ತಿಯನ್ನು ಹಿಡಿದಿಡಲು ಸಾಧ್ಯ.

ಭೂಮಿ ಮತ್ತು ಕಾಗದ

ನಮ್ಮ ದೊಡ್ಡ ಆಸ್ತಿ ಭೂಮಿಯೇ. ಆದರೆ ಕಾಗದವಿಲ್ಲದ ಭೂಮಿ ಊಟಕ್ಕೆ ಆದೀತು, ಸಾಲದ ಭದ್ರತೆಗೆ ಆಗದು. ಗೂಡಲೂರು, ಪಂದಲೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ. ೧೯೬೯ರ ಗೂಡಲೂರು ಜನ್ಮಂ ಎಸ್ಟೇಟುಗಳ ಕಾನೂನಿನ ಬಳಿಕವೂ ಪಟ್ಟಾ ಇತ್ಯರ್ಥವಾಗದ ಭೂಮಿಯಲ್ಲಿ ತಲೆಮಾರುಗಳಿಂದ ದುಡಿಯುವವರು ಅಲ್ಲಿದ್ದಾರೆ. ಇಂಥವರು ಉಳಿಸಿದ್ದನ್ನೆಲ್ಲ ಮತ್ತೆ ಅದೇ ಭೂಮಿಗೆ ಸುರಿಯದೆ ಒಂದು ಪಾಲನ್ನಾದರೂ ತಮ್ಮ ಹೆಸರಿನ ಠೇವಣಿಯಾಗಿ ಇಡುವುದು ಕ್ಷೇಮ.

ಮಸಿನಗುಡಿಯ ಪಾಠ ಇನ್ನೊಂದು ಬಗೆಯದು. ಆನೆದಾರಿಯ ಮೊಕದ್ದಮೆಯಲ್ಲಿ ೨೦೧೮ರಲ್ಲಿ ೨೭ ರಿಸಾರ್ಟುಗಳಿಗೆ ಬೀಗ ಬಿದ್ದಿತು. ೨೦೨೦ರ ಅಕ್ಟೋಬರ್ ೧೪ರಂದು ಸುಪ್ರೀಂ ಕೋರ್ಟು ಆನೆದಾರಿಯನ್ನು ಎತ್ತಿಹಿಡಿಯಿತು. ಅದರ ಸರಿತಪ್ಪು ನಮ್ಮ ಇಂದಿನ ವಿಷಯವಲ್ಲ. ಪ್ರವಾಸಿಗರನ್ನು ನಂಬಿ ಇದ್ದುದನ್ನೆಲ್ಲ ಒಂದೇ ಕಡೆ ಹಾಕಿದ ಮನೆಗೂ, ರಿಸಾರ್ಟಿನ ಕೆಲಸ ಒಂದನ್ನೇ ನೆಚ್ಚಿದ ಮನೆಗೂ ಒಂದು ಆಜ್ಞೆಯಿಂದ ಆದಾಯ ನಿಲ್ಲಬಹುದೆಂಬುದಷ್ಟೇ ಇಲ್ಲಿ ಗಮನಿಸತಕ್ಕದ್ದು.

ಹಟ್ಟಿಗಳಲ್ಲಿ ಅಜ್ಜನ ಹೆಸರಿನ ಕೂಟು ಪಟ್ಟಾ ಇನ್ನೂ ಬಹಳ ಇವೆ. ಹಿರಿಯರು ಬದುಕಿರುವಾಗಲೇ ಪಾಲು ಗೊತ್ತುಮಾಡಿ ಬರೆಸಿಕೊಳ್ಳುವುದು ಒಳ್ಳೆಯದು. ಹೆಣ್ಣು ಮಕ್ಕಳಿಗೂ ಪೂರ್ವಿಕರ ಆಸ್ತಿಯಲ್ಲಿ ಸಮಪಾಲು ಉಂಟೆಂದು ತಮಿಳುನಾಡಿನಲ್ಲಿ ೧೯೮೯ರಲ್ಲೇ ತಿದ್ದುಪಡಿಯಾಗಿ, ೨೦೦೫ರಲ್ಲಿ ದೇಶಕ್ಕೆಲ್ಲ ಬಂದಿತು. ಅದನ್ನು ಮರೆತು ಮಾಡಿದ ಪಾಲು ಮೊಮ್ಮಕ್ಕಳ ಕಾಲಕ್ಕೆ ಕೋರ್ಟು ಹತ್ತುತ್ತದೆ. ಬ್ಯಾಂಕಿನ ಠೇವಣಿಗೆ ೨೦೨೫ರ ನವೆಂಬರಿನಿಂದ ನಾಲ್ವರವರೆಗೆ ನಾಮಿನಿ ಬರೆಸಬಹುದು. ನಾಮಿನಿ ಎಂದರೆ ಹಣ ತೆಗೆದುಕೊಂಡು ವಾರಸುದಾರರಿಗೆ ಒಪ್ಪಿಸುವವನು, ಒಡೆಯನಲ್ಲ. ಯಾರಿಗೆ ಏನು ಸೇರಬೇಕೆಂಬುದಕ್ಕೆ ಇಬ್ಬರು ಸಾಕ್ಷಿಗಳ ಎದುರು ಬರೆದ ಉಯಿಲೇ ಆಧಾರ.

ತೆರಿಗೆಯ ಬಗೆಗೆ ಒಂದು ಮಾತು. ಹಸಿರೆಲೆಯನ್ನು ಹಾಗೆಯೇ ಮಾರಿ ಬಂದದ್ದು ಬೇಸಾಯದ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಆ ಹಣವನ್ನು ಬ್ಯಾಂಕಿನಲ್ಲಿ ಇಟ್ಟು ಬಂದ ಬಡ್ಡಿ ಬೇಸಾಯದ ಆದಾಯವಲ್ಲ. ಎಲೆಯ ಚೀಟಿಗಳನ್ನು ಕಾಯ್ದಿಟ್ಟರೆ ಮುಂದೆ ಕೇಳಿದವರಿಗೆ ಉತ್ತರ ಕೊಡಬಹುದು.

ಈ ತಿಂಗಳ ಕೆಲಸ

ಇಷ್ಟೆಲ್ಲ ಓದಿ ಪತ್ರಿಕೆಯನ್ನು ಮಡಿಸಿಟ್ಟರೆ ಪ್ರಯೋಜನವಿಲ್ಲ. ಡಿಸೆಂಬರ್, ಜನವರಿಯ ಹಿಮಕ್ಕೆ ಚಿಗುರು ಸುಟ್ಟು ತೋಟದಲ್ಲಿ ಕೆಲಸ ಕಡಮೆಯಿರುವಾಗ ಈ ಐದನ್ನು ಮಾಡಿ ಮುಗಿಸಬಹುದು. ಇರುವ ಸಾಲಗಳನ್ನೆಲ್ಲ ಬಡ್ಡಿಯ ದರದೊಡನೆ ಒಂದು ಹಾಳೆಯಲ್ಲಿ ಬರೆಯಿರಿ. ಪಾಸುಪುಸ್ತಕ, ಪಾಲಿಸಿ, ಪಟ್ಟಾಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ಪಟ್ಟಿ ಮಾಡಿರಿ. ಪ್ರತಿಯೊಂದರಲ್ಲೂ ನಾಮಿನಿ ಯಾರೆಂದು ನೋಡಿರಿ. ಸತ್ತವರ ಹೆಸರಿದ್ದರೆ ಬದಲಿಸಿರಿ. ಅಪಘಾತ ವಿಮೆಗೆ ೨೦ ರೂಪಾಯಿ ಕಟ್ಟಿರಿ. ಕಾರ್ಖಾನೆಯಿಂದ ಎಲೆಯ ಹಣ ಬಂದ ದಿನವೇ ಹತ್ತರಲ್ಲಿ ಒಂದು ಪಾಲು ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಿರಿ. ಖರ್ಚು ಮಾಡಿ ಉಳಿದದ್ದನ್ನು ಇಡುತ್ತೇನೆಂದವನಿಗೆ ಏನೂ ಉಳಿಯುವುದಿಲ್ಲ. ಇಟ್ಟು ಉಳಿದದ್ದನ್ನು ಖರ್ಚು ಮಾಡಿದವನ ಮನೆಯಲ್ಲಿ ಕೆಟ್ಟ ವರ್ಷದಲ್ಲೂ ಒಲೆ ಉರಿಯುತ್ತದೆ.